ಮನೆಯ ಖಾರಕ್ಕೂ ಒಳ್ಳೆಯ ಕಾಯಿಯೇ ಇರಲಿ



ಮೆಣಸಿನಕಾಯಿ ಬೆಳೆಯುವ ಹಲವು ಮನೆಗಳಲ್ಲಿ ಒಂದು ವಾಡಿಕೆಯುಂಟು. ಕೆಂಪಾದ, ಲಕ್ಷಣವಾದ ಕಾಯಿ ಚೀಲ ತುಂಬಿ ಪೇಟೆಗೆ ಹೋಗುತ್ತದೆ. ಬಿಳಿಚಿದ, ಮುರಿದ, ಮಚ್ಚೆ ಬಿದ್ದ ಕಾಯಿ ಮನೆಯ ಖಾರಕ್ಕೆ ಉಳಿಯುತ್ತದೆ. ಮುರಿದ ಕಾಯಿ ಚೆನ್ನಾಗಿ ಒಣಗಿದ್ದರೆ ಕೆಡುಕೇನೂ ಇಲ್ಲ. ಆದರೆ ಬೂಷ್ಟು ಹಿಡಿದ ಕಾಯಿ ಅಪಾಯಕಾರಿ.

ಸರಿಯಾಗಿ ಒಣಗದ ಕಾಯಿಯ ಮೇಲೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲದು. ಈ ವಿಷ ಬಹುಕಾಲ ಹೊಟ್ಟೆಗೆ ಸೇರುತ್ತಿದ್ದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾದೀತು. ಹುರಿದರೂ ಕುದಿಸಿದರೂ ಇದು ಪೂರ್ತಿ ನಾಶವಾಗುವುದಿಲ್ಲ. ಪುಡಿ ಮಾಡಿದ ಮೇಲಂತೂ ಬೂಷ್ಟು ಕಣ್ಣಿಗೇ ಬೀಳದು. ಆದುದರಿಂದ ಅಂಥ ಕಾಯಿಯನ್ನು ಮನೆಗೂ ಇಡಬಾರದು, ಮಾರಲೂ ಬಾರದು, ಆರಿಸಿ ತೆಗೆದುಹಾಕಬೇಕು.

ಕಾಯಿಯನ್ನು ಬರಿ ನೆಲದ ಮೇಲೆ ಹರಡದೆ ಸಿಮೆಂಟಿನ ಕಣ ಅಥವಾ ಶುದ್ಧವಾದ ತಾಡಪತ್ರಿಯ ಮೇಲೆ ತೆಳ್ಳಗೆ ಹರಡಬೇಕು. ರಾತ್ರಿ ಇಬ್ಬನಿ ತಾಗದಂತೆ ಒಟ್ಟುಗೂಡಿಸಿ ಮುಚ್ಚಬೇಕು. ತೇವಾಂಶ ಸುಮಾರು ಶೇಕಡಾ 10ಕ್ಕೆ ಇಳಿಯಬೇಕು. ಒಣಗಿದ ಕಾಯಿಯನ್ನು ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನುತ್ತದೆ. ತೂಕ ಹೆಚ್ಚಲೆಂದು ನೀರು ಚಿಮುಕಿಸುವುದು ಬೂಷ್ಟನ್ನು ಕರೆದು ತಂದಂತೆ.

ಇನ್ನು ಆಯ್ಕೆಯ ವಿಚಾರ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಸುಕ್ಕುಸುಕ್ಕಾಗಿದ್ದು, ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನ ಕಾಯಿಯಲ್ಲಿ ಖಾರ ಹೆಚ್ಚು. ಎರಡನ್ನೂ ಮನೆಯವರ ರುಚಿಗೆ ತಕ್ಕಂತೆ ಬೆರೆಸಿಕೊಂಡರೆ ಸಾರಿಗೆ ಬಣ್ಣವೂ ಬರುತ್ತದೆ, ಖಾರವೂ ಹದವಾಗಿರುತ್ತದೆ. ಖಾರ ಹೆಚ್ಚಾಗಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಅದನ್ನು ತೆಗೆದರೆ ಖಾರ ತಗ್ಗುತ್ತದೆ.

ಅರಿಶಿನವನ್ನು ಕೊಂಬಾಗಿಯೇ ಕೊಂಡು ಮನೆಯಲ್ಲಿ ಪುಡಿ ಮಾಡಿಸುವುದು ಲೇಸು. ಆದರೆ ಕೊಂಬಿನ ಹೊಳಪಿಗೂ ಮರುಳಾಗಬಾರದು. ಹಳದಿ ಬಣ್ಣ ಎದ್ದುಕಾಣಲೆಂದು ಸೀಸದ ಕ್ರೋಮೇಟ್ ಸವರುವ ಮೋಸ ಹಲವೆಡೆ ಪತ್ತೆಯಾಗಿದೆ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಕುಂದು ತರುತ್ತದೆ. ಕೊಂಬನ್ನು ಒಂದು ಲೋಟ ನೀರಿನಲ್ಲಿ ಹಾಕಿದ ಕೂಡಲೇ ಕಡು ಹಳದಿ ಬಣ್ಣ ಬಿಟ್ಟರೆ ಸಂಶಯಪಡಬೇಕು. ಕಾಳುಮೆಣಸಿಗೆ ಪರಂಗಿ ಬೀಜ ಬೆರೆಸುವುದೂ ಉಂಟು. ಪರಂಗಿ ಬೀಜ ಕೊಂಚ ಉದ್ದನೆಯ ಮೊಟ್ಟೆಯಾಕಾರದ್ದು. 

ಅಡಿಗೆಯಲ್ಲಿ ಬಳಸುವಾಗಲೂ ಕ್ರಮವಿದೆ. ಮೆಣಸಿನಕಾಯಿಯ ಬಣ್ಣ, ಖಾರ ಎರಡೂ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಆದ್ದರಿಂದ ಪುಡಿಯನ್ನು ಸಣ್ಣ ಉರಿಯಲ್ಲಿ ಬಿಸಿ ಎಣ್ಣೆಗೆ ಹಾಕಿ ಕ್ಷಣ ಮಾತ್ರ ಕೈಯಾಡಿಸಿದರೆ ಸಾಕು. ಎಣ್ಣೆ ಹೊಗೆಯಾಡುತ್ತಿದ್ದರೆ ಪುಡಿ ಕರಕಾಗಿ ಕಹಿಯಾಗುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯಗಳಿಗೆ ಬೇಕಾಗುವ ಹದ ಬೇರೆ ಬೇರೆಯಾದ್ದರಿಂದ ಪ್ರತ್ಯೇಕವಾಗಿ ಹುರಿಯಬೇಕು. ಏಲಕ್ಕಿಯ ಪರಿಮಳ ಬೇಗ ಹಾರಿಹೋಗುವುದರಿಂದ ಕೊನೆಯಲ್ಲಿ ಹಾಕುವುದು ಸೂಕ್ತ.

ಪುಡಿಯನ್ನು ಪೂರ್ತಿ ಆರಿಸಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿಯಾಗಿ ತುಂಬಿದರೆ ಒಳಗೆ ಬೆವರೊಡೆದು ಗಂಟುಕಟ್ಟುತ್ತದೆ. ಒಂದೆರಡು ತಿಂಗಳಿಗೆ ಬೇಕಾದಷ್ಟನ್ನೇ ಪುಡಿ ಮಾಡಿಸಿ, ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರ, ಬಿಸಿಲು ಬೀಳದ ಕಡೆ ಇಡಬೇಕು. ಒದ್ದೆ ಚಮಚ ಮುಟ್ಟಿಸಬಾರದು.

ಮುಂದಿನ ಸುಗ್ಗಿಯಲ್ಲಿ ಪೇಟೆಗೆ ಚೀಲ ತುಂಬುವ ಮೊದಲೇ ವರ್ಷದ ಖಾರಕ್ಕೆ ಸಾಕಾಗುವಷ್ಟು ಒಳ್ಳೆಯ ಕಾಯಿಯನ್ನು ಬೇರೆ ತೆಗೆದಿಡಲಿ. ಒಂದು ಕುಟುಂಬಕ್ಕೆ ಬೇಕಾಗುವುದು ಕೆಲವೇ ಕಿಲೋ. ಅದನ್ನು ಮಾರಿ ಬರುವ ಹಣಕ್ಕಿಂತ ಮನೆಮಂದಿಯ ಆರೋಗ್ಯ ದೊಡ್ಡದು.