ಕೆಫೆ ತೆರೆಯುವ ಮುನ್ನ ಒಂದು ಲೆಕ್ಕ



ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ನಿಮ್ಮೊಂದಿಗೆ ಹಂಚಿಕೊಂಡ ಮಾತುಗಳನ್ನು ಅಚ್ಚಿನಲ್ಲಿಯೂ ಕೊಡಿ ಎಂದು ಹಲವರು ಕೇಳಿದ್ದೀರಿ. ನಿಮ್ಮ ಪ್ರೀತಿಗೆ ಓಗೊಟ್ಟು ಆ ಮಾತುಗಳನ್ನು ಇಲ್ಲಿ ನೀಡುತ್ತಿದ್ದೇನೆ.

ಈಚೆಗೆ ನಮ್ಮ ಕಾರ್ಯಕ್ರಮಕ್ಕೆ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. "ಮೇಡಂ, ನೋಯ್ಡಾದಲ್ಲಿ ಒಳ್ಳೆ ಫಿಲ್ಟರ್ ಕಾಫಿ, ಮೆತ್ತಗಿನ ಇಡ್ಲಿ ಸಿಗೋ ಒಂದು ಸಣ್ಣ ಕೆಫೆ ಹಾಕೋಣ ಅಂತಿದ್ದೀನಿ. ಹೋಟೆಲ್ ಕೆಲಸ ಏನೂ ಗೊತ್ತಿಲ್ಲ. ಆಗುತ್ತಾ?" ಹೀಗೆ ಕೇಳುವವರಲ್ಲಿ ಸೆಕ್ಟರ್ 62ರ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತವರಿದ್ದಾರೆ, ನಿವೃತ್ತಿಗೆ ಹತ್ತಿರವಾದವರಿದ್ದಾರೆ, ಮಕ್ಕಳು ಶಾಲೆಗೆ ಹೋದ ಮೇಲೆ ಏನಾದರೂ ಮಾಡಬೇಕೆನ್ನುವ ಗೃಹಿಣಿಯರಿದ್ದಾರೆ. ಒಬ್ಬರು ಪಿಎಫ್ ಹಣವನ್ನೆಲ್ಲ ತೆಗೆಯುವ ಯೋಚನೆಯಲ್ಲಿದ್ದರು. ಇನ್ನೊಬ್ಬರು ಊರಿನ ನಿವೇಶನಕ್ಕೆ ಗಿರಾಕಿ ಹುಡುಕಿ ಆಗಿತ್ತು, ಮನೆಯಾಕೆಗೆ ಇನ್ನೂ ಹೇಳಿರಲಿಲ್ಲ. ಆದ್ದರಿಂದ ಇದು ಬರೀ ಕಾಫಿಯ ಮಾತಲ್ಲ ಕೇಳುಗರೇ, ಒಂದು ಸಂಸಾರದ ಗಂಟಿನ ಮಾತು.

ಅನುಭವವಿಲ್ಲದವರು ಕೆಫೆ ತೆರೆದು ಗೆದ್ದದ್ದುಂಟೇ ಎಂದರೆ, ಖಂಡಿತ ಉಂಟು. ಅದೂ ನಮ್ಮ ಹುಬ್ಬಳ್ಳಿಯಲ್ಲಿ. ಅಲೀನಾ ಆಲಂ ಎಂಬ ಯುವತಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಓದಿದವರು. ಹೋಟೆಲ್ ಮನೆತನದವರಲ್ಲ, ಕ್ಯಾಟರಿಂಗ್ ಕಲಿತವರೂ ಅಲ್ಲ. ಅಂಗವಿಕಲರಿಗೆ ಕೆಲಸ ಸಿಗಬೇಕೆಂಬ ಒಂದೇ ಹಟದಿಂದ 2017ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನ ಆವರಣದಲ್ಲಿ ಪಾಳುಬಿದ್ದಿದ್ದ ಒಂದು ಶೆಡ್ಡಿನಲ್ಲಿ 'ಮಿಟ್ಟಿ ಕೆಫೆ' ಆರಂಭಿಸಿದರು. ಜನರಿಂದ ಬಂದ ಹಳೆಯ ಸಾಮಾನುಗಳೇ ಅದರ ಮೊದಲ ಬಂಡವಾಳ. ಕೆಲಸಕ್ಕೆ ಬಂದವರಿಗೂ ಅನುಭವವಿರಲಿಲ್ಲ. ಕಾಣದವರು, ಕೇಳದವರು, ನಡೆಯಲಾಗದವರು, ಬುದ್ಧಿಯ ಬೆಳವಣಿಗೆ ನಿಧಾನವಾದವರು ಅಲ್ಲಿ ಆರ್ಡರ್ ಬರೆದುಕೊಂಡರು, ಚಹಾ ಕಾಸಿದರು, ತಟ್ಟೆ ಹಿಡಿದರು. 2023ರ ನವೆಂಬರಿನಲ್ಲಿ ಅದೇ ಮಿಟ್ಟಿ ಕೆಫೆಯ ಒಂದು ಶಾಖೆ ನಮ್ಮ ದೆಹಲಿಯ ಸುಪ್ರೀಂ ಕೋರ್ಟ್ ಆವರಣದಲ್ಲಿ ತೆರೆಯಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರೇ ಅದನ್ನು ಉದ್ಘಾಟಿಸಿದರು. ಹುಬ್ಬಳ್ಳಿಯ ಶೆಡ್ಡಿನಿಂದ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಆರು ವರ್ಷ.

ನಮ್ಮ ಸುತ್ತಮುತ್ತಲೇ ಇನ್ನೊಂದು ಉದಾಹರಣೆಯಿದೆ. ಆಸಿಡ್ ದಾಳಿಗೆ ತುತ್ತಾಗಿ ಬದುಕಿ ಬಂದ ಹೆಣ್ಣುಮಕ್ಕಳು 2014ರ ಡಿಸೆಂಬರಿನಲ್ಲಿ ಆಗ್ರಾದಲ್ಲಿ 'ಶೀರೋಸ್ ಹ್ಯಾಂಗೌಟ್' ಎಂಬ ಕೆಫೆ ನಡೆಸತೊಡಗಿದರು. ತಿಂದವರು ತಮಗೆ ತೋಚಿದಷ್ಟು ಹಣ ಕೊಡುವ ಪದ್ಧತಿ ಅಲ್ಲಿತ್ತು. ಮುಂದೆ ಲಖನೌದಲ್ಲಿ, ಆಮೇಲೆ ನಮ್ಮ ನೋಯ್ಡಾದ ಸೆಕ್ಟರ್ 21ಎ ಸ್ಟೇಡಿಯಂನಲ್ಲಿಯೂ ಅದು ಶುರುವಾಯಿತು.

ಈ ಕಥೆಗಳನ್ನು ಕೇಳಿದ ಕೂಡಲೇ "ಅವರಿಂದ ಆದದ್ದು ನಮ್ಮಿಂದ ಆಗದೇ?" ಎಂದು ಹುಮ್ಮಸ್ಸು ಬರುವುದು ಸಹಜ. ಬರಲಿ. ಆದರೆ ಇವರು ಎಲ್ಲಿ ಅಂಗಡಿ ಹಾಕಿದರು ಎಂಬುದನ್ನು ಸ್ವಲ್ಪ ಗಮನಿಸಿ. ಒಂದು ಕಾಲೇಜಿನೊಳಗೆ, ಒಂದು ಕೋರ್ಟಿನೊಳಗೆ, ಒಂದು ಸ್ಟೇಡಿಯಂನೊಳಗೆ. ಗಿರಾಕಿ ಮೊದಲೇ ಇದ್ದ ಜಾಗಕ್ಕೆ ಇವರು ಹೋದರು. ಈ ಮೂರು ಜಾಗಗಳಲ್ಲಿ, ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲು ಹಾಕಿಸಿ ಗಿರಾಕಿ ಬರಲಿ ಎಂದು ದಾರಿ ಕಾಯುವ ಕಷ್ಟವಿರಲಿಲ್ಲ. ಕಲಿಯುವ ಕಾಲದಲ್ಲಿ ಮೈಮೇಲೆ ದೊಡ್ಡ ಭಾರ ಹೊತ್ತುಕೊಳ್ಳಲಿಲ್ಲ. ಅನುಭವವಿಲ್ಲದವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಭಾರ ಎಂದೆನಲ್ಲ, ಅದು ಎಷ್ಟೆಂದು ನೋಡೋಣ. ಕಾಗದ ಪೆನ್ನು ತೆಗೆದುಕೊಳ್ಳಿ. ನಿಮ್ಮ ಅಂಗಡಿಯ ಬಾಡಿಗೆ ತಿಂಗಳಿಗೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ ಶೇಕಡಾ 18, ಅಂದರೆ 10,800. ನೀವು ಗಿರಾಕಿಯಿಂದ ಪಡೆಯುವ ಶೇಕಡಾ 5ರ ಜಿಎಸ್‌ಟಿಯಲ್ಲಿ ಇದನ್ನು ಕಳೆದುಕೊಳ್ಳಬಹುದಲ್ಲ ಎಂದು ಕೇಳಬೇಡಿ. 2017ರ ನವೆಂಬರಿನಿಂದ ಸಾಮಾನ್ಯ ರೆಸ್ಟೋರೆಂಟ್‌ಗಳಿಗೆ ಆ ಅವಕಾಶವಿಲ್ಲ, ಅದು ನಿಮ್ಮ ಕೈಯಿಂದಲೇ ಹೋಗುವ ಹಣ. ಒಟ್ಟು 70,800. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 2,360. ಒಂದು ಕಾಫಿಗೆ 40 ರೂಪಾಯಿ ಇಟ್ಟು, ಹಾಲು, ಪುಡಿ, ಸಕ್ಕರೆ, ಗ್ಯಾಸು, ಲೋಟ ಎಲ್ಲ ಕಳೆದು 20 ರೂಪಾಯಿ ಉಳಿಯಿತು ಎನ್ನೋಣ. ಹಾಗಾದರೆ ಬಾಡಿಗೆಗೆಂದೇ ದಿನಕ್ಕೆ 118 ಕಾಫಿ ಮಾರಬೇಕು. ಅಡುಗೆಯವನ ಸಂಬಳ, ಕರೆಂಟು, ಕೆಟ್ಟುಹೋದ ಹಿಟ್ಟು, ನಿಮ್ಮ ಮನೆಯ ಖರ್ಚು ಇವೆಲ್ಲ 119ನೆಯ ಕಾಫಿಯಿಂದ ಶುರು. ಜನವರಿಯ ಮಂಜಿನಲ್ಲೂ, ಜೂನಿನ ಬಿಸಿಗಾಳಿಯಲ್ಲೂ, ಊರಿಗೆ ಊರೇ ರಜೆ ಹಾಕುವ ದೀಪಾವಳಿಯಲ್ಲೂ ಈ 118 ತಪ್ಪುವುದಿಲ್ಲ.

1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಹಬ್ಬಿದ್ದರ ಹಿಂದೆ ಇದೇ ಲೆಕ್ಕವಿತ್ತು. ನಿಂತು ತಿನ್ನುವ ಗಿರಾಕಿ ಹತ್ತು ನಿಮಿಷದಲ್ಲಿ ಜಾಗ ಬಿಡುತ್ತಾನೆ. ಮಾಣಿ ಬೇಕಿಲ್ಲ, ಮೇಜು ಕುರ್ಚಿ ಬೇಕಿಲ್ಲ, ಸಣ್ಣ ಜಾಗ ಸಾಕು. ಆದರೆ ಈಗ ನಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ಕೆಫೆಯಲ್ಲಿ ಒಂದು ಕಾಫಿಗೆ ಎರಡು ಗಂಟೆ ಕೂರುವ ಸೋಫಾ ಇರುತ್ತದೆ! ಅಂಥ ಕೆಫೆಯನ್ನು ಈ ದೇಶಕ್ಕೆ ರೂಢಿ ಮಾಡಿಸಿದವರು ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅವರೂ ಹೋಟೆಲಿನವರಲ್ಲ. ಆದರೆ ಕಾಫಿ ತೋಟದ ಮನೆಯಲ್ಲಿ ಹುಟ್ಟಿ, ಕಾಫಿ ಬೀಜದ ವ್ಯಾಪಾರ, ರಫ್ತು ಬಲ್ಲವರಾಗಿದ್ದರು. ಒಂದು ತುದಿ ಕೈಯಲ್ಲಿ ಗಟ್ಟಿಯಾಗಿತ್ತು. ಅಷ್ಟು ಬಲ್ಲವರ ಉದ್ಯಮವೂ ಸಾಲದ ಭಾರಕ್ಕೆ ಬಾಗಿತು. 2019ರ ಜುಲೈನಲ್ಲಿ ನಾವು ಅವರನ್ನು ಕಳೆದುಕೊಂಡೆವು. ಸಾಲ ಎಂಬುದು ಅನುಭವಸ್ಥರನ್ನೂ ಬಿಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಏನು ಮಾಡಬೇಕು? ನನ್ನ ಮಾತು ಇಷ್ಟೇ: ಬಾಡಿಗೆ ಶುರುವಾಗುವ ಮೊದಲು ಕಲಿಕೆ ಮುಗಿದಿರಲಿ.

ಮೊದಲನೆಯದು, ಕೆಲಸ ಬಿಡುವ ಮುನ್ನ ಬೇರೆಯವರ ಹೋಟೆಲಿನಲ್ಲಿ ನಿಲ್ಲಿ. ಶನಿವಾರ, ಭಾನುವಾರ ಸಾಕು. ಗಲ್ಲಾದ ಮೇಲೆ ಕೂರಬೇಡಿ, ಒಳಗೆ ಹೋಗಿ. ಹಾಲು ಎಷ್ಟು ಗಂಟೆಗೆ ಬರುತ್ತದೆ, ಪಾತ್ರೆ ತೊಳೆಯುವವನು ಬಾರದ ದಿನ ಯಾರು ತೊಳೆಯುತ್ತಾರೆ, ರಾತ್ರಿ ಉಳಿದ ಚಟ್ನಿ ಎಲ್ಲಿಗೆ ಹೋಗುತ್ತದೆ ನೋಡಿ. ಎರಡು ತಿಂಗಳಾದರೂ ನಿಮಗೆ ಅಲ್ಲಿಗೆ ಹೋಗಲು ಬೇಸರವಾಗದಿದ್ದರೆ ಈ ಕಸುಬು ನಿಮ್ಮದು. ಬೇಸರವಾದರೆ ಪಿಎಫ್ ಉಳಿಯಿತು ಎಂದುಕೊಳ್ಳಿ!

ಎರಡನೆಯದು, ಈ ಊರಿನ ಹವೆಯನ್ನು ಕಲಿಯಿರಿ. ನಮ್ಮ ಅಮ್ಮಂದಿರು ಮೈಸೂರಿನಲ್ಲಿ, ಧಾರವಾಡದಲ್ಲಿ ಇಡ್ಲಿ ಹಿಟ್ಟು ನೆನೆಸಿದ ಅಂದಾಜು ಇಲ್ಲಿ ನಡೆಯದು. ಜನವರಿಯ ರಾತ್ರಿ ಹಿಟ್ಟು ಉಬ್ಬುವುದೇ ಇಲ್ಲ, ಮೇ ತಿಂಗಳಲ್ಲಿ ನೋಡನೋಡುತ್ತಲೇ ಹುಳಿಯಾಗುತ್ತದೆ. ಇಲ್ಲಿನ ಗಡಸು ನೀರಿನಲ್ಲಿ ಡಿಕಾಕ್ಷನ್ನಿನ ರುಚಿಯೇ ಬೇರೆ. ಒಂದು ಚಳಿಗಾಲ, ಒಂದು ಬೇಸಿಗೆ ಮನೆಯಲ್ಲೇ ದಿನಕ್ಕೆ ಐವತ್ತು ಇಡ್ಲಿ ಮಾಡಿ, ಅಕ್ಕಪಕ್ಕದ ಸೊಸೈಟಿಗಳಿಗೆ ಮಾರಿ ನೋಡಿ. ಕನ್ನಡ ಸಂಘದ ಹಬ್ಬದ ದಿನ ಒಂದು ಸ್ಟಾಲ್ ಹಾಕಿ. ನಮ್ಮವರು ಮೊದಲ ಸಲ ಅಭಿಮಾನದಿಂದ ತಿನ್ನುತ್ತಾರೆ. ಎರಡನೆಯ ಸಲ ಹಣ ಕೊಟ್ಟು ತಿಂದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಮೂರನೆಯದು, ಕಾಗದಪತ್ರ. ಮನೆಯಿಂದ ಮಾರಿದರೂ, ಸ್ಟಾಲ್ ಹಾಕಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವ್ಯಾಪಾರ ದೊಡ್ಡದಾದರೆ ಲೈಸೆನ್ಸ್ ಬೇಕು. ಅದೇ ಸಂಸ್ಥೆ 'ಫಾಸ್ಟ್ಯಾಕ್' ಎಂಬ ತರಬೇತಿಯನ್ನೂ ನಡೆಸುತ್ತದೆ. ಆಹಾರವನ್ನು ಎಷ್ಟು ಬಿಸಿಯಲ್ಲಿಡಬೇಕು, ಕೈ ಹೇಗೆ ತೊಳೆಯಬೇಕು ಎಂಬುದರಿಂದ ಹಿಡಿದು ಹೇಳಿಕೊಡುತ್ತಾರೆ. ಅನುಭವವಿಲ್ಲದವರಿಗೆ ಅದು ಒಳ್ಳೆಯ ಮೊದಲ ಶಾಲೆ. ಇನ್ನು ಅಂಗಡಿ ಹಿಡಿಯುವಾಗ, ಆ ಜಾಗ ವಾಣಿಜ್ಯ ಬಳಕೆಗೆಂದು ನೋಯ್ಡಾ ಪ್ರಾಧಿಕಾರದ ದಾಖಲೆಯಲ್ಲಿದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿ. ಮಾಲೀಕರ ಬಾಯಿಮಾತು ಸಾಲದು.

ಕೊನೆಯದಾಗಿ, ಮನೆಯವರಿಗೆ ಹೇಳಿ. ಎಷ್ಟು ಹಣ ಹೋದರೆ ನಿಲ್ಲಿಸುತ್ತೇವೆ ಎಂಬ ಅಂಕಿಯನ್ನು ಇಬ್ಬರೂ ಕೂತು ಬರೆದಿಡಿ. ಅಂಗಡಿ ತೆರೆದ ಮೇಲೆ ಆ ಅಂಕಿ ಬರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. "ಇನ್ನೊಂದು ತಿಂಗಳು ನೋಡೋಣ" ಎನ್ನುತ್ತಲೇ ಮಗಳ ಕಾಲೇಜಿನ ಹಣವೂ ಒಲೆಗೆ ಹೋಗುತ್ತದೆ.

1957ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಕಾಫಿ ಹೌಸ್ ನೌಕರರ ಮೊದಲ ಸಹಕಾರ ಸಂಘ ಹುಟ್ಟಿತು. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ತಾವೇ ಮಾಲೀಕರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಡಿಯನ್ ಕಾಫಿ ಹೌಸ್ ದೆಹಲಿಯಲ್ಲಿಯೂ ಬಾಗಿಲು ತೆರೆಯಿತು. ಕಾಫಿ ಕಾಸುವುದು, ಬಡಿಸುವುದು ಅವರಿಗೆ ಗೊತ್ತಿತ್ತು. ಅಂಗಡಿ ನಡೆಸುವುದು ಗೊತ್ತಿರಲಿಲ್ಲ, ಅದನ್ನು ಕಲಿತರು. ನಮ್ಮಲ್ಲಿ ಹಲವರದು ಅದಕ್ಕೆ ತಿರುಗುಮುರುಗು. ಲೆಕ್ಕಪತ್ರ ಗೊತ್ತು, ಲೋಟ ತೊಳೆಯುವುದು ಗೊತ್ತಿಲ್ಲ. ಅದನ್ನೂ ಕಲಿಯಬಹುದು, ಕಲಿಯಲು ನಾಚಿಕೆಪಡದಿದ್ದರೆ.

ನೋಯ್ಡಾದಲ್ಲಿ ಒಂದು ಒಳ್ಳೆಯ ಕನ್ನಡದ ಕೆಫೆ ಆಗಲಿ ಎಂಬ ಆಸೆ ನನಗೂ ಇದೆ. ಅದು ಒಂದೇ ವರ್ಷಕ್ಕೆ ಮುಚ್ಚಬಾರದು ಎಂಬುದು ಅದಕ್ಕಿಂತ ದೊಡ್ಡ ಆಸೆ. ಈಗಾಗಲೇ ಸಣ್ಣದಾಗಿ ಶುರು ಮಾಡಿದವರು ನಿಮ್ಮಲ್ಲಿದ್ದರೆ ನಿಮ್ಮ 118ರ ಲೆಕ್ಕ ಎಷ್ಟಾಯಿತೆಂದು ನಮಗೆ ಬರೆದು ತಿಳಿಸಿ, ಕಾರ್ಯಕ್ರಮದಲ್ಲಿ ಓದೋಣ.

ಮುಂದಿನ ಭಾನುವಾರ ಮತ್ತೆ ಸಿಗೋಣ.