ಕನ್ನಡಕ ಕೊಳ್ಳುವ ಮುನ್ನ



ಫ್ರೇಮ್ ಆರಿಸಲು ನಾವು ಅರ್ಧ ಗಂಟೆ ಕನ್ನಡಿ ನೋಡುತ್ತೇವೆ. ಲೆನ್ಸನ್ನು ಮಾತ್ರ ಅಂಗಡಿಯವರು ಹೇಳಿದಂತೆ ಒಪ್ಪಿಕೊಳ್ಳುತ್ತೇವೆ. ಆಪ್ಟೊಮೆಟ್ರಿಸ್ಟ್ ಆಗಿ ನಾನು ಹೇಳುವುದಿಷ್ಟೇ: ಮೊದಲು ನಿಮ್ಮ ದಿನಚರಿ ಹೇಳಿ, ಆಮೇಲೆ ಬೆಲೆ ಕೇಳಿ.

ನಂಬರ್ ಕಡಿಮೆಯಿದ್ದರೆ 1.50 ಇಂಡೆಕ್ಸಿನ ಸಾದಾ ಪ್ಲಾಸ್ಟಿಕ್ ಲೆನ್ಸ್ ಸಾಕು. ಹೆಚ್ಚಿದ್ದರೆ 1.67 ತೆಳ್ಳಗಿರುತ್ತದೆ. ಆಟವಾಡುವ ಮಕ್ಕಳಿಗೆ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಒಳ್ಳೆಯದು. ರಾತ್ರಿ ಗಾಡಿ ಓಡಿಸುವವರಿಗೆ ಆ್ಯಂಟಿ ಗ್ಲೇರ್ ಕೋಟಿಂಗ್ ಉಪಯುಕ್ತ. ಬೆಳಕು ಲೆನ್ಸಿನಲ್ಲೇ ಪ್ರತಿಫಲಿಸಿ ಕಾಡುವುದಿಲ್ಲ.

'ಬ್ಲೂ ಕಟ್'ಗೆ ಹೆಚ್ಚು ಹಣ ಕೊಡುವ ಮೊದಲು ಯೋಚಿಸಿ. ಕಂಪ್ಯೂಟರಿನಿಂದಾಗುವ ಕಣ್ಣಿನ ಆಯಾಸ ಅದರಿಂದ ಕಡಿಮೆಯಾಗದೇ ಇರಬಹುದು ಎಂದು 17 ಪ್ರಯೋಗಗಳನ್ನು ಪರಿಶೀಲಿಸಿದ 2023ರ ಕಾಕ್ರೇನ್ ವರದಿ ಹೇಳಿದೆ. ಆಗಾಗ ದೂರ ನೋಡಿ, ರೆಪ್ಪೆ ಬಡಿಯಿರಿ. ಅದಕ್ಕೆ ಕಾಸು ಬೇಕಿಲ್ಲ.

ನಲವತ್ತು ದಾಟಿದವರು ಹಾಕುವ ಪ್ರೋಗ್ರೆಸಿವ್ ಲೆನ್ಸಿನ ಕೆಳಭಾಗ ಇರುವುದು ಓದಲಿಕ್ಕೆ. ಅದರಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ದಾದರ್ ಸ್ಟೇಷನ್ನಿನ ಸೇತುವೆ ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದರೂ ಸೊಂಟದ ಮೂಳೆಗೇ ಅಪಾಯ. ತಲೆ ತಗ್ಗಿಸಿ, ಲೆನ್ಸಿನ ಮೇಲ್ಭಾಗದಿಂದ ನೋಡಿ ಇಳಿಯಿರಿ. ಹೊರಗೆ ಹೆಚ್ಚು ಓಡಾಡುವ ಹಿರಿಯರಿಗೆ ದೂರದ ನಂಬರಿನದೇ ಇನ್ನೊಂದು ಕನ್ನಡಕವಿದ್ದರೆ ಮೇಲು. ಆರಿಸಿದ ಫ್ರೇಮನ್ನು ನಿಮ್ಮ ಮುಖಕ್ಕೆ ಹಾಕಿ, ಕಣ್ಣುಪಾಪೆಗಳ ಅಳತೆ ತೆಗೆಯದೆ ಪ್ರೋಗ್ರೆಸಿವ್ ಮಾಡಿಸಬೇಡಿ.

ಇನ್ನೊಂದು ಮಾತು: ಸೆರಗಿನಿಂದ ಕನ್ನಡಕ ಒರೆಸುವುದನ್ನು ಬಿಡೋಣ. ಧೂಳು ಉಜ್ಜಿ ಕೋಟಿಂಗ್ ಗೀರಿಹೋಗುತ್ತದೆ. ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರೆಸಿ.