ತರೀಕೆರೆಯ ದಂಗೆ, ದೆಹಲಿಯ ಕಡತ

ಕಡೂರು ಕಡೆಯಿಂದ ದೆಹಲಿಗೆ ಹೋದವರು ಕುತುಬ್ ಮಿನಾರ್ ನೋಡಿ ಬರುತ್ತಾರೆ. ಊರಿನ ಚರಿತ್ರೆಯ ಹುಚ್ಚಿದ್ದರೆ ಜನಪಥದ ರಾಷ್ಟ್ರೀಯ ಪತ್ರಾಗಾರಕ್ಕೂ ಕಾಲಿಡಿ. 1830ರ ನಗರ ಪ್ರಾಂತ್ಯದ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರೂ ಎದ್ದಿದ್ದರು. ಮರುವರ್ಷವೇ ಬ್ರಿಟಿಷರು ಮೈಸೂರಿನ ಆಡಳಿತ ಕಿತ್ತುಕೊಂಡರು. ಆ ಕಾಲದ ಕಂಪನಿ ಸರ್ಕಾರದ ಪತ್ರವ್ಯವಹಾರ ಈ ಪತ್ರಾಗಾರದಲ್ಲಿದೆ. ಗುರುತಿನ ಚೀಟಿ ತೋರಿಸಿ, ಕಡತದ ಸಂಖ್ಯೆ ಬರೆದುಕೊಟ್ಟು, ತಾಳ್ಮೆಯಿಂದ ಕಾಯಬೇಕು. ಚಿಕ್ಕಮಗಳೂರು ಎಂದಷ್ಟೇ ಹುಡುಕಿದರೆ ಸಾಲದು. 1947ರವರೆಗೂ ಜಿಲ್ಲೆಗೆ ಕಡೂರೆಂದೇ ಹೆಸರು, ಅದಕ್ಕೂ ಹಿಂದೆ ಅದು ನಗರ ವಿಭಾಗದ ಭಾಗ. ಅಜ್ಜಂಪುರದ ಅಮೃತಮಹಲ್ ರಾಸುಗಳ ಜಾಡು ಬೇಕೇ? ಫಿರಂಗಿ ಎಳೆದ ಎತ್ತುಗಳಲ್ಲವೇ, ಸೇನೆಯ ಕಾಗದಗಳನ್ನೂ ತಡಕಿ. ಒಂದು ಕೊರಗು ಮಾತ್ರ ಉಳಿಯುತ್ತದೆ: ಇಂಥ ಕಡತಗಳಲ್ಲಿ ದಂಗೆಯೆದ್ದವರ ಮಾತು ಕಡಿಮೆ, ಹತ್ತಿಕ್ಕಿದವರ ಬರಹವೇ ಜಾಸ್ತಿ. ಅಂದಹಾಗೆ, ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರ ನೋಡಿ. ಮೈಸೂರು ಸಂಸ್ಥಾನದ ಕಡತಗಳು ಅಲ್ಲೇ ಇವೆ.